ಕಬ್ಬಿಣದ ಮಾತ್ರೆ ಮತ್ತು ಕರುಳಿನ ಬ್ಯಾಕ್ಟೀರಿಯಾ: ಹೆಂಗಸರು ಪದೇ ಪದೇ ಕೇಳುವ ಪ್ರಶ್ನೆಗಳು

ಗರ್ಭಿಣಿಯರ, ಬಾಣಂತಿಯರ ಊಟದ ಬಗ್ಗೆ ಮಾತಾಡುವುದು ನನ್ನ ದಿನನಿತ್ಯದ ಕೆಲಸ. ಕೆಂಪು ಮಾತ್ರೆಯ ಮಾತು ಎತ್ತಿದರೆ ಸಾಕು, ಮಾತು ಹೊಟ್ಟೆಯ ಕಡೆಗೆ ತಿರುಗುತ್ತದೆ. "ಮಾತ್ರೆ ತಗೋತಿದ್ದೀರಾ?" ಅಂದರೆ "ಹೊಟ್ಟೆ ಕಟ್ಟುತ್ತೆ ಮೇಡಂ" ಅನ್ನುತ್ತಾರೆ. ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: "ಅದು ಒಳ್ಳೆ ಬ್ಯಾಕ್ಟೀರಿಯಾನ ಸಾಯಿಸುತ್ತಂತೆ, ಹೌದಾ?" ಎದುರು ಕೂತು ಕೇಳಿದವು, ಬರೆದು ಕೇಳಿದವು, ಎರಡನ್ನೂ ಇಲ್ಲಿ ಸೇರಿಸಿದ್ದೇನೆ. ನಾನು ವೈದ್ಯೆ ಅಲ್ಲ. ಮಾತ್ರೆ ಎಷ್ಟು, ಎಷ್ಟು ದಿನ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

## ಮೊದಲು ಬರುವ ಪ್ರಶ್ನೆಗಳು

ಐರನ್ ಮಾತ್ರೆ ಶುರು ಮಾಡಿದ ಮೇಲೆ ಮೋಷನ್ ಕಪ್ಪಗೆ ಹೋಗ್ತಿದೆ. ಒಳಗೆ ಏನಾದ್ರೂ ಆಗಿದೆಯಾ?

ಗಾಬರಿ ಬೇಡ. ರಕ್ತಕ್ಕೆ ಸೇರದೆ ಉಳಿದ ಕಬ್ಬಿಣ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನ್ನುವ ಗ್ಯಾಸ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದೇ. ಕಬ್ಬಿಣ ಇದರ ಜೊತೆ ಸೇರಿದಾಗ ಕಪ್ಪು ಬಣ್ಣದ ಐರನ್ ಸಲ್ಫೈಡ್ ಆಗುತ್ತದೆ. ಮಾತ್ರೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಬಣ್ಣ ಮೊದಲಿನಂತಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆಯ ಜೊತೆ ಕಪ್ಪಗೆ ಹೋದರೆ, ತಲೆ ಸುತ್ತಿದರೆ, ಅದು ಹೊಟ್ಟೆಯೊಳಗಿನ ರಕ್ತಸ್ರಾವ ಇರಬಹುದು. ಅಂಥಾಗ ಅದೇ ದಿನ ಆಸ್ಪತ್ರೆಗೆ ಹೋಗಿ.

ನುಂಗಿದ ಮಾತ್ರೆಯಲ್ಲಿ ರಕ್ತಕ್ಕೆ ಸೇರೋದು ಎಷ್ಟು?

ತುಂಬಾ ಕಡಿಮೆ. ಸರ್ಕಾರಿ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತದೆ. ಕಬ್ಬಿಣ ಹೀರಿಕೊಳ್ಳುವ ಕೆಲಸ ಹೆಚ್ಚಾಗಿ ನಡೆಯುವುದು ಹೊಟ್ಟೆ ದಾಟಿದ ಕೂಡಲೇ ಸಿಗುವ ಸಣ್ಣ ಕರುಳಿನ ಮೊದಲ ಗೇಣಿನಲ್ಲಿ. ಅಷ್ಟು ಚಿಕ್ಕ ಜಾಗದಲ್ಲಿ ಸಿಕ್ಕಷ್ಟು ಸಿಕ್ಕಿತು, ಉಳಿದದ್ದು ಮುಂದಕ್ಕೆ ಹೋಯಿತು. 60 ಮಿಲಿಗ್ರಾಂನಲ್ಲಿ ಹತ್ತು ಮಿಲಿಗ್ರಾಂ ಒಳಗೆ ಹೋದರೆ ಚೆನ್ನಾಗಿಯೇ ಹೋಯಿತು ಅನ್ನಬೇಕು. ಮಿಕ್ಕ ಐವತ್ತು ದೊಡ್ಡ ಕರುಳಿನ ಪಾಲು. ಈ ಪುಟದ ಅರ್ಧ ಪ್ರಶ್ನೆಗಳು ಹುಟ್ಟುವುದು ಆ ಐವತ್ತರಿಂದಲೇ.

ಒಳ್ಳೆ ಬ್ಯಾಕ್ಟೀರಿಯಾ ಅಂತಾರಲ್ಲ, ಅದಕ್ಕೂ ಕಬ್ಬಿಣಕ್ಕೂ ಏನು ಸಂಬಂಧ?

ಕಬ್ಬಿಣ ನಮಗೆ ಮಾತ್ರ ಬೇಕಾದದ್ದಲ್ಲ. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೂ ಬೇಕು. ಆದರೆ ಎಲ್ಲಕ್ಕೂ ಒಂದೇ ಅಳತೆಯಲ್ಲಿ ಬೇಡ. ಮೊಸರು ಹೆಪ್ಪಾಗಲು ಬೇಕಾದ ಲ್ಯಾಕ್ಟೋಬ್ಯಾಸಿಲಸ್ ಬಳಗಕ್ಕೆ ಕಬ್ಬಿಣದ ಹಂಗೇ ಇಲ್ಲ ಅನ್ನಬಹುದು. ಎಷ್ಟೋ ಕೆಲಸಗಳಿಗೆ ಅವು ಮ್ಯಾಂಗನೀಸ್ ಬಳಸಿ ಬದುಕುತ್ತವೆ. ಆದರೆ ಇ. ಕೋಲೈ, ಸಾಲ್ಮೊನೆಲ್ಲಾ ಇರುವ ಬಳಗಕ್ಕೆ, ಹೊಟ್ಟೆ ಕೆಡಿಸುವಂಥವೂ ಇರುವ ಬಳಗ ಅದು, ಕಬ್ಬಿಣ ಅಂದರೆ ಪ್ರಾಣ. ಕಬ್ಬಿಣ ಎಲ್ಲಿದ್ದರೂ ಹಿಡಿದು ತರಲು ಅವು ಸಿಡೆರೋಫೋರ್ ಅನ್ನುವ ಚಿಕ್ಕ ಅಣುಗಳನ್ನು ಹೊರಗೆ ಬಿಡುತ್ತವೆ. ಬಾವಿಗೆ ಬಿದ್ದ ಕೊಡ ಎತ್ತಲು ಪಾತಾಳಗರಡಿ ಇಳಿಸುತ್ತಿದ್ದರಲ್ಲ, ಹಾಗೆ.

ಸಾಮಾನ್ಯವಾಗಿ ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಕೈಗೆ ಸುಲಭವಾಗಿ ಸಿಗುವ ಕಬ್ಬಿಣ ಕಡಿಮೆ. ಊಟದಲ್ಲಿ ಬಂದ ಕಬ್ಬಿಣದ ಬಹುಪಾಲು ಧಾನ್ಯದಲ್ಲಿರುವ ಫೈಟೇಟ್ ಅನ್ನುವ ವಸ್ತು, ಸೊಪ್ಪಿನ ನಾರು ಇವುಗಳ ಜೊತೆ ಕಟ್ಟಿಕೊಂಡಿರುತ್ತದೆ. ಈ ಬರಗಾಲವೇ ಒಂದು ಕಾವಲು. ಮಾತ್ರೆಯ ಕಬ್ಬಿಣ ಕರಗುವಂಥದ್ದು, ಒಂದೇ ಸಲ ಬರುವಂಥದ್ದು. ಆಗ ಕಬ್ಬಿಣ ಬೇಡುವ ಬಳಗಕ್ಕೆ ಅನುಕೂಲವಾಗುತ್ತದೆ. "ಮಾತ್ರೆ ಒಳ್ಳೆ ಬ್ಯಾಕ್ಟೀರಿಯಾನ ಸಾಯಿಸುತ್ತೆ" ಅನ್ನುವ ಮಾತು ಸರಿಯಲ್ಲ. ಅವುಗಳ ಪಕ್ಕದ ಮನೆಯವರ ಬಲ ಹೆಚ್ಚುತ್ತದೆ, ಅಷ್ಟೇ.

ಹಾಗಾದ್ರೆ ಮಾತ್ರೆ ಬಿಟ್ಟುಬಿಡೋದೇ ವಾಸಿ ಅಲ್ವಾ?

ಬೇಡ. ದಯವಿಟ್ಟು ಬೇಡ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಶೇ. 47.8. ಅಂದರೆ ನಮ್ಮ ರಾಜ್ಯದ ಹೆಚ್ಚುಕಡಿಮೆ ಪ್ರತಿ ಎರಡನೇ ಹೆಂಗಸು. ರಕ್ತ ಕಡಿಮೆ ಇರುವ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ಜಾಸ್ತಿ ರಕ್ತ ಹೋದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಮಗು ತೂಕ ಕಡಿಮೆ ಇರುವ, ದಿನ ತುಂಬುವ ಮೊದಲೇ ಹುಟ್ಟುವ ಸಾಧ್ಯತೆ ಹೆಚ್ಚುತ್ತದೆ. ಕರುಳಿನ ಬ್ಯಾಕ್ಟೀರಿಯಾದಲ್ಲಿ ಆಗುವ ಏರುಪೇರನ್ನು ಇದರ ಎದುರು ಇಟ್ಟು ತೂಗಿದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಒಮ್ಮೆ ಒಂದು ಮನೆಗೆ ಹೋಗಿದ್ದೆ. ಏಳು ತಿಂಗಳ ಬಸುರಿ. ತಾಯಿ ಕಾರ್ಡಿನಲ್ಲಿ ಮಾತ್ರೆ ಕೊಟ್ಟ ಗುರುತು ಸಾಲಾಗಿ ಇತ್ತು. ಹಿಮೋಗ್ಲೋಬಿನ್ ಮಾತ್ರ ಮೇಲೆದ್ದಿರಲಿಲ್ಲ. ಟೀ ಮಾಡಲು ಸಕ್ಕರೆ ತೆಗೆಯುವಾಗ ಡಬ್ಬಗಳ ಹಿಂದಿನಿಂದ ಕೆಂಪು ಪಟ್ಟಿಗಳು ಜಾರಿ ಬಿದ್ದವು. ಒಂದೊಂದರಲ್ಲಿ ಎರಡೋ ಮೂರೋ ಮಾತ್ರೆ ಖಾಲಿ. ಆಕೆ ಸುಳ್ಳು ಹೇಳಲಿಲ್ಲ. "ನಾಲ್ಕು ದಿನ ಹೊಟ್ಟೆ ಕಟ್ಟಿ ಕಣ್ಣಲ್ಲಿ ನೀರು ಬಂತು ಅಕ್ಕಾ, ಯಾರಿಗೆ ಹೇಳೋದು" ಅಂದಳು. ಆಕೆಗೆ ಬೇಕಾಗಿದ್ದು ಬೈಗುಳ ಅಲ್ಲ, ತಗೊಳ್ಳುವ ಬಗೆಯನ್ನು ಬದಲಿಸಿ ಕೊಡುವವರು. ಮಾತ್ರೆ ಬಿಡದೆ ಆ ಐವತ್ತು ಮಿಲಿಗ್ರಾಂನ ಹೊರೆ ಇಳಿಸುವುದು ಹೇಗೆ ಅನ್ನುವುದೇ ನಾವು ಕೇಳಬೇಕಾದ ಪ್ರಶ್ನೆ.

## ಕರುಳಿನೊಳಗೆ ಏನಾಗುತ್ತದೆ

ಇದನ್ನೆಲ್ಲ ಯಾರ ಮೇಲೆ ನೋಡಿ ಹೇಳಿದ್ದು?

ಹೆಚ್ಚಾಗಿ ಮಕ್ಕಳ ಮೇಲೆ, ಅದೂ ಆಫ್ರಿಕಾದಲ್ಲಿ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐವರಿ ಕೋಸ್ಟ್‌ನ 6ರಿಂದ 14 ವರ್ಷದ ಮಕ್ಕಳಿಗೆ ಆರು ತಿಂಗಳು ಕಬ್ಬಿಣ ಬೆರೆಸಿದ ಬಿಸ್ಕತ್ತು ಕೊಟ್ಟು ನೋಡಿದರು. ಇ. ಕೋಲೈ ಬಳಗ ಹೆಚ್ಚಿತು, ಲ್ಯಾಕ್ಟೋಬ್ಯಾಸಿಲಸ್ ಇಳಿಯಿತು, ಕರುಳಿನ ಉರಿಯೂತದ ಗುರುತೂ ಏರಿತು. 2015ರಲ್ಲಿ ಪ್ರಕಟವಾದ ಕೀನ್ಯಾದ ಅಧ್ಯಯನದಲ್ಲಿ ಹಸುಗೂಸುಗಳ ಗಂಜಿಗೆ ಕಬ್ಬಿಣದ ಪುಡಿ ಬೆರೆಸಿದಾಗಲೂ ಹೆಚ್ಚುಕಡಿಮೆ ಇದೇ ಆಯಿತು.

ಇವೆರಡನ್ನೇ ಓದಿ ಹೆದರುವವರು ದಕ್ಷಿಣ ಆಫ್ರಿಕಾದ ಅಧ್ಯಯನವನ್ನೂ ನೋಡಬೇಕು. ಅಲ್ಲಿ ಶಾಲಾ ಮಕ್ಕಳಿಗೆ ವಾರಕ್ಕೆ ನಾಲ್ಕು ದಿನ 50 ಮಿಲಿಗ್ರಾಂನಂತೆ 38 ವಾರ ಕಬ್ಬಿಣ ಕೊಟ್ಟರು. ಬ್ಯಾಕ್ಟೀರಿಯಾಗಳಲ್ಲಿ ಹೇಳಿಕೊಳ್ಳುವ ಬದಲಾವಣೆ ಆಗಲಿಲ್ಲ. ಆ ಮಕ್ಕಳ ಕರುಳಿನಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಮೊದಲಿಗೇ ಕಡಿಮೆ ಇತ್ತು. ನನಗೆ ಇದರಿಂದ ತಿಳಿಯುವುದು ಇಷ್ಟು: ಕಬ್ಬಿಣ ಏನು ಮಾಡುತ್ತದೆ ಅನ್ನುವುದು ಅದು ಹೋಗಿ ಬೀಳುವ ಕರುಳಿನಲ್ಲಿ ಮೊದಲೇ ಯಾರಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಕುಡಿಯುವ ನೀರು, ಕೈ ತೊಳೆಯುವ ಸೋಪು, ಕಕ್ಕಸಿನ ವ್ಯವಸ್ಥೆ ಇವೂ ಐರನ್ ಮಾತ್ರೆಯ ವಿಷಯವೇ.

ದೊಡ್ಡವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಏನು ಕಂಡಿದೆ?

ಬೆಳೆದವರ ಕರುಳಿನ ಬ್ಯಾಕ್ಟೀರಿಯಾ ಬೇರೂರಿದ ಸಂಸಾರ. ಕೂಸುಗಳಲ್ಲಿ ಆದಷ್ಟು ಸುಲಭವಾಗಿ ಅಲುಗುವುದಿಲ್ಲ.

ನನಗೆ ಬಹಳ ಮುಖ್ಯ ಅನಿಸಿದ ಅಧ್ಯಯನ ನಮ್ಮ ಪಕ್ಕದ್ದೇ. 2010ರಲ್ಲಿ ವೆಲ್ಲೂರಿನ ಸಂಶೋಧಕರು ದಕ್ಷಿಣ ಭಾರತದ ಯುವತಿಯರ ಮಲವನ್ನು ಪರೀಕ್ಷಿಸಿದರು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಆದವರಲ್ಲಿ ಲ್ಯಾಕ್ಟೋಬ್ಯಾಸಿಲಸ್, ರಕ್ತ ಸರಿ ಇದ್ದವರಿಗಿಂತ ಕಡಿಮೆ ಇತ್ತು. ಗಮನಿಸಿ, ಇದು ಮಾತ್ರೆಯ ಪರಿಣಾಮ ನೋಡಿದ ಅಧ್ಯಯನ ಅಲ್ಲ. ಕೊರತೆ ಇರುವ ಕರುಳೇ ಬೇರೆ ಥರ ಇತ್ತು. ಹಾಗಾಗಿ ಮಾತ್ರೆ ಮುಟ್ಟದಿದ್ದರೆ ಕರುಳು ಚೆನ್ನಾಗಿರುತ್ತದೆ ಅನ್ನುವ ಲೆಕ್ಕಾಚಾರ ನಿಲ್ಲುವುದಿಲ್ಲ.

ಹೊಟ್ಟೆ ಕಟ್ಟೋದಕ್ಕೂ ಬ್ಯಾಕ್ಟೀರಿಯಾನೇ ಕಾರಣನಾ?

ಒಂದು ಕಾರಣ ಇರಬಹುದು ಅನ್ನುತ್ತಾರೆ, ಅದೊಂದೇ ಅಲ್ಲ. ಮೊದಲು ಒಂದು ಮಾತು: ಇದು ನಿಮ್ಮ ಭ್ರಮೆ ಅಲ್ಲ. 2015ರಲ್ಲಿ 43 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಫೆರಸ್ ಸಲ್ಫೇಟ್ ಅನ್ನುವ ಕಬ್ಬಿಣದ ಮಾತ್ರೆ ತಗೊಂಡವರಲ್ಲಿ ಹೊಟ್ಟೆಯ ತೊಂದರೆ, ಔಷಧವೇ ಇಲ್ಲದ ಸಪ್ಪೆ ಮಾತ್ರೆ ತಗೊಂಡವರಿಗಿಂತ ಸ್ಪಷ್ಟವಾಗಿ ಜಾಸ್ತಿ ಇತ್ತು.

ಮಾತ್ರೆಯ ಕಬ್ಬಿಣ ಹೊಟ್ಟೆಯ, ಕರುಳಿನ ಒಳಪದರವನ್ನೇ ಕೆರಳಿಸುತ್ತದೆ. ವಾಕರಿಕೆ, ಎದೆಯುರಿಗೆ ಇದು ಕಾರಣ. ಮಲ ಗಟ್ಟಿಯಾಗುವುದಕ್ಕೆ ಮೀಥೇನ್ ಗ್ಯಾಸ್ ಕಡೆಗೆ ಕೈ ತೋರಿಸುವವರಿದ್ದಾರೆ. ಕರುಳಿನ ಕೆಲವು ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ಮೀಥೇನ್ ಹೆಚ್ಚಾದರೆ ಕರುಳಿನ ಓಟ ನಿಧಾನವಾಗುತ್ತದೆ. ಒಬ್ಬರಿಗೆ ಹೊಟ್ಟೆ ಕಟ್ಟಿ, ಅದೇ ಪಟ್ಟಿಯ ಮಾತ್ರೆ ತಿಂದ ಇನ್ನೊಬ್ಬರಿಗೆ ಭೇದಿ ಆಗುವುದೇಕೆ ಅಂತ ಯೋಚಿಸಿದರೆ, ಇಬ್ಬರ ಕರುಳಿನ ಸಂಸಾರ ಬೇರೆ ಅನ್ನುವುದು ನನಗೆ ಒಪ್ಪುವ ಮಾತು. ಬಸುರಿಯರಲ್ಲಿ ಹಾರ್ಮೋನಿನಿಂದಲೂ ಕರುಳು ನಿಧಾನ. ತಪ್ಪೆಲ್ಲ ಮಾತ್ರೆಯ ತಲೆಗೆ ಕಟ್ಟುವ ಮೊದಲು ನೀರು ಎಷ್ಟು ಕುಡಿಯುತ್ತೀರಿ ನೋಡಿ.

ಬಾಣಂತಿ ನಾನು. ನಾನು ಮಾತ್ರೆ ತಗೊಂಡ್ರೆ ಹಾಲಿನಲ್ಲಿ ಮಗು ಹೊಟ್ಟೆಗೂ ಹೋಗುತ್ತಾ?

ಇಲ್ಲ, ನಿಶ್ಚಿಂತೆಯಿಂದ ತಗೊಳ್ಳಿ. ಎದೆಹಾಲಿನ ಕಬ್ಬಿಣ ತಾಯಿ ನುಂಗುವ ಮಾತ್ರೆಗೆ ತಕ್ಕಂತೆ ಏರುವುದಿಲ್ಲ, ಮೈ ಅದನ್ನು ಹಿಡಿತದಲ್ಲಿ ಇಡುತ್ತದೆ. ಹಾಲಿನಲ್ಲಿ ಲ್ಯಾಕ್ಟೋಫೆರಿನ್ ಅನ್ನುವ ಪ್ರೋಟೀನ್ ಇದೆ. ಅದು ಇರುವ ಕಬ್ಬಿಣವನ್ನೂ ಹಿಡಿದಿಟ್ಟುಕೊಂಡು ಕೆಟ್ಟ ಬ್ಯಾಕ್ಟೀರಿಯಾಗಳ ಕೈಗೆ ಸಿಗದಂತೆ ಮಾಡುತ್ತದೆ. ಎದೆಹಾಲು ಕುಡಿಯುವ ಕೂಸಿನ ಕರುಳಿನಲ್ಲಿ ಬೈಫಿಡೋಬ್ಯಾಕ್ಟೀರಿಯಾ ತುಂಬಿ ಬೆಳೆಯಲು ಇದೂ ಸಹಾಯ. ಹೆರಿಗೆಯ ನಂತರ 180 ದಿನ ಮಾತ್ರೆ ಕೊಡುವುದು ನಿಮ್ಮ ಮೈಯಲ್ಲಿ ಖಾಲಿಯಾದದ್ದನ್ನು ತುಂಬಲು.

ಬೇರೆ ಒಂದು ಭಯ ಇರಲಿ: ಸಕ್ಕರೆ ಲೇಪದ ಈ ಕೆಂಪು ಮಾತ್ರೆ ಅಂಬೆಗಾಲಿಡುವ ಮಗುವಿಗೆ ಪೆಪ್ಪರ್‌ಮೆಂಟಿನ ಹಾಗೆ ಕಾಣುತ್ತದೆ. ಹಲವು ಮಾತ್ರೆ ನುಂಗಿದರೆ ಮಗುವಿನ ಜೀವಕ್ಕೇ ಅಪಾಯ. ಅಟ್ಟದ ಮೇಲಿಡಿ.

## ತಗೊಳ್ಳುವ ಬಗೆ

ದಿನ ಬಿಟ್ಟು ದಿನ ತಗೊಂಡ್ರೆ ಒಳ್ಳೇದು ಅಂತಾರೆ. ನಿಜಾನಾ?

ಬಸುರಿ ಅಲ್ಲದ ಹೆಂಗಸರ ಮಟ್ಟಿಗೆ ಇದಕ್ಕೆ ಒಳ್ಳೆಯ ಆಧಾರ ಇದೆ. ಲಿವರ್ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಮಾಡುತ್ತದೆ. ಮಾತ್ರೆ ನುಂಗಿದ ಮೇಲೆ ಅದು ಏರಿ, ಕರುಳಿನಲ್ಲಿ ಕಬ್ಬಿಣ ಒಳಬಿಡುವ ಬಾಗಿಲನ್ನು ಸುಮಾರು ಒಂದು ದಿನ ಅರ್ಧ ಮುಚ್ಚುತ್ತದೆ. ಮಾರನೇ ದಿನ ಮತ್ತೆ ನುಂಗಿದರೆ ಒಳಗೆ ಹೋಗುವುದು ಕಡಿಮೆ, ಕೆಳಗೆ ಇಳಿಯುವುದು ಜಾಸ್ತಿ. ಒಂದು ದಿನ ಬಿಟ್ಟರೆ ಬಾಗಿಲು ಮತ್ತೆ ತೆರೆದಿರುತ್ತದೆ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕಬ್ಬಿಣ ಕಡಿಮೆ ಇದ್ದ ಯುವತಿಯರ ಮೇಲೆ ಇದನ್ನು ಅಳೆದರು. 60 ಮಿಲಿಗ್ರಾಂನ 14 ಮಾತ್ರೆಗಳನ್ನು ಒಂದು ಗುಂಪು ದಿನಾ ತಗೊಂಡಿತು, ಇನ್ನೊಂದು ದಿನ ಬಿಟ್ಟು ದಿನ. ಹೀರಿಕೊಂಡದ್ದು ಮೊದಲ ಗುಂಪಿನಲ್ಲಿ ಶೇ. 16.3, ಎರಡನೆಯದರಲ್ಲಿ ಶೇ. 21.8. ಇದು 2017ರಲ್ಲಿ ಪ್ರಕಟವಾಯಿತು. ಅಂದರೆ ಅದೇ ಹದಿನಾಲ್ಕು ಮಾತ್ರೆಯಲ್ಲಿ ರಕ್ತಕ್ಕೆ ಜಾಸ್ತಿ ಸೇರಿತು, ಕರುಳಿಗೆ ಬಿದ್ದದ್ದು ಕಡಿಮೆಯಾಯಿತು.

ಬಸುರಿಯರು ಮಾತ್ರ ಇದನ್ನು ಓದಿ ತಾವಾಗಿಯೇ ದಿನ ಬಿಡಬೇಡಿ. ಬಸಿರಿನಲ್ಲಿ ಹೆಪ್ಸಿಡಿನ್ ತಾನಾಗಿಯೇ ಇಳಿದಿರುತ್ತದೆ, ಬೇಡಿಕೆಯೂ ದೊಡ್ಡದು. ನಾಲ್ಕನೇ ತಿಂಗಳಿಂದ ದಿನಾ ಒಂದು, 180 ದಿನ ಅನ್ನುವುದು ನಮ್ಮ ದೇಶದ ನಿಯಮ. ತಡೆಯಲಾರದಷ್ಟು ತೊಂದರೆ ಇದ್ದರೆ ಡಾಕ್ಟರ್ ಹತ್ತಿರ ಬಾಯಿಬಿಟ್ಟು ಹೇಳಿ, ಅವರೇ ದಾರಿ ಬದಲಿಸುತ್ತಾರೆ.

ಬೆಳಿಗ್ಗೆ ಕಾಫಿ ಜೊತೆ ನುಂಗಿಬಿಡ್ತೀನಿ, ಪರವಾಗಿಲ್ವಾ?

ಕಾಫಿ ಬಿಡಿ ಅನ್ನುವುದಿಲ್ಲ, ನಮ್ಮೂರಿನಲ್ಲಿ ಅದು ಆಗದ ಮಾತು. ದೂರ ಇಡಿ, ಸಾಕು. 2023ರಲ್ಲಿ ಪ್ರಕಟವಾದ ಇನ್ನೊಂದು ಜ್ಯೂರಿಕ್ ಅಧ್ಯಯನದಲ್ಲಿ ಕಬ್ಬಿಣ ಕಡಿಮೆ ಇದ್ದ ಹೆಂಗಸರು ಮಾತ್ರೆಯನ್ನು ಬೇರೆ ಬೇರೆ ರೀತಿ ತಗೊಂಡರು. ಬರೀ ನೀರಿನ ಜೊತೆ ತಗೊಂಡದ್ದಕ್ಕೆ ಹೋಲಿಸಿದರೆ ಕಾಫಿ ಜೊತೆ ಹೀರುವಿಕೆ ಶೇ. 54 ಕಡಿಮೆ. ಕಾಫಿ, ತಿಂಡಿ ಎರಡೂ ಸೇರಿದರೆ ಶೇ. 66 ಕಡಿಮೆ. 80 ಮಿಲಿಗ್ರಾಂ ವಿಟಮಿನ್ ಸಿ ಜೊತೆ ಶೇ. 30 ಜಾಸ್ತಿ.

ಈ ಮೂರು ಅಂಕಿಗಳನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಕಾಫಿಯ ಜೊತೆ ನುಂಗಿದ ಮಾತ್ರೆ ರಕ್ತಕ್ಕೂ ಆಗಲಿಲ್ಲ, ಹೊಟ್ಟೆಗೂ ಭಾರ. ಬೆಳಿಗ್ಗೆ ಎದ್ದು ಮುಖ ತೊಳೆದು, ನಿಂಬೆಹಣ್ಣು ಹಿಂಡಿದ ನೀರಿನ ಜೊತೆ ಮಾತ್ರೆ. ಕಾಫಿ, ತಿಂಡಿ ಆಮೇಲೆ, ಒಂದು ಗಂಟೆಯಾದರೂ ಬಿಟ್ಟು. ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಊಟವಾಗಿ ಎರಡು ಗಂಟೆಯ ಮೇಲೆ, ಒಂದು ಹೋಳು ಸೀಬೆಹಣ್ಣಿನ ಜೊತೆ ತಗೊಳ್ಳಿ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ.

ಮೊಸರು, ಮಜ್ಜಿಗೆ ಜಾಸ್ತಿ ತಗೊಂಡ್ರೆ ಬ್ಯಾಕ್ಟೀರಿಯಾ ಸರಿಹೋಗುತ್ತಾ?

ಮನೆಯ ಮೊಸರು ಒಳ್ಳೆಯದೇ. ಆದರೆ ಹೆಪ್ಪಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಕರುಳಿಗೆ ಬಂದು ಹೋಗುವ ನೆಂಟರು, ಅಲ್ಲೇ ಮನೆ ಮಾಡುವುದಿಲ್ಲ. ದಿನಾ ಒಂದಿಷ್ಟು ತಿನ್ನುತ್ತಾ ಇರಬೇಕು. ಇನ್ನೊಂದು, ಮೊಸರಿನ ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಬೆಳಿಗ್ಗೆ ಮಾತ್ರೆ, ಮಧ್ಯಾಹ್ನದ ಊಟಕ್ಕೆ ಮಜ್ಜಿಗೆ ಅಂತ ಹಂಚಿಕೊಂಡರೆ ಎರಡೂ ಕೆಲಸ ಆಗುತ್ತದೆ.

ಊಟದಲ್ಲಿ ಏನು ಬದಲಿಸಲಿ?

ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ನಮಗೆ ಜೀರ್ಣವಾಗದ ನಾರು. ಅದು ದೊಡ್ಡ ಕರುಳು ಮುಟ್ಟಿದರೆ ಅವು ಹುಳಿ ಬರಿಸಿ, ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಗೋಡೆಗೆ ಅದೇ ಊಟ. ಈರುಳ್ಳಿ, ಬೆಳ್ಳುಳ್ಳಿ, ಬಾಳೆಕಾಯಿ, ಕಾಳುಗಳು, ಸೊಪ್ಪು, ಎಲ್ಲವೂ ಇದಕ್ಕೆ ಆಗುತ್ತವೆ.

ನಾನು ಹೆಚ್ಚು ಒತ್ತಿ ಹೇಳುವುದು ಮೊಳಕೆ ಹುರುಳಿಕಾಳು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಪಾತ್ರೆಯಲ್ಲಿ ಮುಚ್ಚಿಡಿ. ಮರುದಿನ ಬಿಚ್ಚಿದರೆ ಬಟ್ಟೆಯ ನೂಲಿನ ಸಂದಿಯಿಂದ ಬಿಳಿ ಮೂಗು ಹೊರಗೆ ಚಾಚಿರುತ್ತದೆ, ಹಸಿ ವಾಸನೆ ಬರುತ್ತದೆ. ಮೊಳಕೆ ಬರುವಾಗ ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಒಡೆಯುತ್ತದೆ. ಅದರ ಬಸ್ಸಾರಿಗೆ ಕೊನೆಯಲ್ಲಿ, ಒಲೆ ಆರಿಸಿದ ಮೇಲೆ ನಿಂಬೆ ಹಿಂಡಿ. ಕುದಿಸಿದರೆ ವಿಟಮಿನ್ ಸಿ ಹಾಳಾಗುತ್ತದೆ. ರಾಗಿ ಹಿಟ್ಟು ಹುಳಿ ಬರಿಸಿ ಮಾಡುವ ಅಂಬಲಿಯೂ ಇದೇ ಕಾರಣಕ್ಕೆ ಒಳ್ಳೆಯದು.

ಯಾವ ಥರದ ಮಾತ್ರೆ ಕರುಳಿಗೆ ಹಗುರ?

ಸಲ್ಫೇಟ್, ಫ್ಯೂಮರೇಟ್, ಆಸ್ಕಾರ್ಬೇಟ್ ಅಂತ ಹೆಸರು ಬೇರೆಯಾದರೂ, ಒಳಗಿರುವ ಕಬ್ಬಿಣದ ಪ್ರಮಾಣ ಹೆಚ್ಚಾದಷ್ಟೂ ಉಳಿಯುವುದು ಹೆಚ್ಚು. ಪಟ್ಟಿಯ ಹಿಂದೆ ಎಷ್ಟು ಮಿಲಿಗ್ರಾಂ ಅಂತ ಮೊದಲು ನೋಡಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಮಾತ್ರೆಗಳಲ್ಲಿ 100 ಇರುತ್ತದೆ. ಜಾಸ್ತಿ ಅಂದರೆ ಬೇಗ ಗುಣ ಅಂತ ಅರ್ಥ ಅಲ್ಲ. ಕರುಳಿನಲ್ಲಿ ಕರಗುವಂತೆ ಲೇಪ ಹಾಕಿದ ಮಾತ್ರೆಗಳಲ್ಲಿ ಹೊಟ್ಟೆ ಉರಿ ಕಡಿಮೆ, ಆದರೆ ಹೀರುವ ಜಾಗ ದಾಟಿದ ಮೇಲೆ ಕರಗಿದರೆ ಕಬ್ಬಿಣವೆಲ್ಲ ಕೆಳಗೇ ಹೋಗುತ್ತದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಪ್ರೊಬಯಾಟಿಕ್ ಕ್ಯಾಪ್ಸೂಲ್ ಜೊತೆಗೆ ತಗೊಳ್ಳಬಹುದಾ?

ಯಾವುದು ಅಂತ ಕೇಳಬೇಕು. ಪ್ರೊಬಯಾಟಿಕ್ ಅನ್ನುವುದು ಒಂದೇ ವಸ್ತು ಅಲ್ಲ. ಕಬ್ಬಿಣದ ವಿಷಯದಲ್ಲಿ ಹೆಚ್ಚು ನೋಡಿರುವುದು ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ 299ವಿ ಅನ್ನುವ ಒಂದು ತಳಿಯನ್ನು. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆರುವ ವಯಸ್ಸಿನ ಹೆಂಗಸರಿಗೆ ಕಬ್ಬಿಣ ಬೆರೆಸಿದ ಹಣ್ಣಿನ ಪಾನೀಯದಲ್ಲಿ ಅದನ್ನು ಸೇರಿಸಿ ಕೊಟ್ಟಾಗ ಕಬ್ಬಿಣ ಜಾಸ್ತಿ ಒಳಗೆ ಹೋಯಿತು. ಹೆಸರು ಬೇರೆ ಇರುವ ಕ್ಯಾಪ್ಸೂಲಿಗೆ ಈ ಫಲ ಅನ್ವಯಿಸುವುದಿಲ್ಲ. ದುಡ್ಡು ಕೊಡುವ ಮುಂಚೆ ಡಬ್ಬದ ಮೇಲೆ ತಳಿಯ ಹೆಸರು ಓದಿ.

ಪ್ರಿಬಯಾಟಿಕ್ ಅಂದ್ರೆ ಬೇರೆನಾ? ಅದು ಕೆಲಸ ಮಾಡುತ್ತಾ?

ಬೇರೆ. ಪ್ರೊಬಯಾಟಿಕ್ ಅಂದರೆ ಬ್ಯಾಕ್ಟೀರಿಯಾ, ಪ್ರಿಬಯಾಟಿಕ್ ಅಂದರೆ ಅದರ ಮೇವು. ಹಾಲಿನ ಸಕ್ಕರೆಯಿಂದ ಮಾಡುವ ಗ್ಯಾಲಕ್ಟೋ ಆಲಿಗೋಸ್ಯಾಕರೈಡ್, ಚಿಕ್ಕದಾಗಿ ಜಿಓಎಸ್, ಇದರಲ್ಲಿ ಮುಂದಿದೆ. 2017ರ ಕೀನ್ಯಾ ಅಧ್ಯಯನದಲ್ಲಿ ಕೂಸುಗಳಿಗೆ ಕಬ್ಬಿಣದ ಜೊತೆ ಇದನ್ನೂ ಕೊಟ್ಟಾಗ ಬ್ಯಾಕ್ಟೀರಿಯಾಗಳ ಮೇಲಿನ ಕೆಟ್ಟ ಪರಿಣಾಮ ಬಹುಮಟ್ಟಿಗೆ ತಪ್ಪಿತು. 2019ರಲ್ಲಿ ಕಬ್ಬಿಣ ಕಡಿಮೆ ಇದ್ದ ಯುವತಿಯರಲ್ಲಿ ಫೆರಸ್ ಫ್ಯೂಮರೇಟ್ ಜೊತೆ 15 ಗ್ರಾಂ ಜಿಓಎಸ್ ಕೊಟ್ಟಾಗ ಹೀರುವಿಕೆಯೂ ಹೆಚ್ಚಿತು. ಮಾತ್ರೆಯನ್ನು ದೂರುವ ಬದಲು ಅದರ ಜೊತೆ ಮೇವು ಕಳಿಸುವ ಈ ಯೋಚನೆ ನನಗೆ ತುಂಬಾ ಹಿಡಿಸಿದೆ.

ಡ್ರಿಪ್‌ನಲ್ಲಿ ಐರನ್ ಹಾಕಿಸಿಕೊಂಡ್ರೆ ಕರುಳಿನ ರಗಳೆನೇ ಇರಲ್ಲ ಅಲ್ವಾ?

ಕರುಳಿನ ಹಾದಿ ತಪ್ಪುತ್ತದೆ, ನಿಜ. 2017ರಲ್ಲಿ, ಕರುಳಿನ ಉರಿಯೂತದ ಕಾಯಿಲೆ ಇದ್ದವರಲ್ಲಿ ಮಾತ್ರೆ ಮತ್ತು ಡ್ರಿಪ್ ಎರಡನ್ನೂ ಹೋಲಿಸಿದರು. ಮಾತ್ರೆ ತಗೊಂಡವರಲ್ಲಿ, ಬ್ಯುಟಿರೇಟ್ ಮಾಡುವ ಫೀಕ್ಯಾಲಿಬ್ಯಾಕ್ಟೀರಿಯಂ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆ ಇತ್ತು. ಅಂಥ ಕಾಯಿಲೆ ಇರುವವರು ಐರನ್ ಬಗ್ಗೆ ಹೊಟ್ಟೆಯ ತಜ್ಞರನ್ನೇ ಕೇಳಬೇಕು.

ಆದರೆ ಬರೀ ಬ್ಯಾಕ್ಟೀರಿಯಾ ಉಳಿಸಲು ಡ್ರಿಪ್ ಬೇಡ. ಅದಕ್ಕೆ ಆಸ್ಪತ್ರೆ ಬೇಕು, ಅಪರೂಪಕ್ಕೆ ಅಲರ್ಜಿಯೂ ಆಗಬಹುದು. ರಕ್ತ ತುಂಬಾ ಕಡಿಮೆ ಇದ್ದು ಹೆರಿಗೆಯ ದಿನ ಹತ್ತಿರ ಬಂದಿದ್ದರೆ, ಮಾತ್ರೆ ಒಗ್ಗದೇ ಹೋದರೆ ಡಾಕ್ಟರೇ ಹೇಳುತ್ತಾರೆ. ಬಸಿರಿನಲ್ಲಿ ಡ್ರಿಪ್ ಮತ್ತು ಮಾತ್ರೆಯನ್ನು ಹೋಲಿಸಿದ ದೊಡ್ಡ ಪ್ರಯೋಗವೊಂದು ಕರ್ನಾಟಕ ಮತ್ತು ರಾಜಸ್ಥಾನದಲ್ಲೇ ನಡೆದಿದೆ, ರ‍್ಯಾಪಿಡ್‌ಐರನ್ ಅಂತ ಅದರ ಹೆಸರು.

ಲ್ಯಾಕ್ಟೋಬ್ಯಾಸಿಲಸ್ಸೇ ಕಬ್ಬಿಣ ಹೀರೋದನ್ನ ತಡೆಯುತ್ತೆ ಅಂತ ಓದಿದೆ. ಹಾಗಾದ್ರೆ ಅದು ಒಳ್ಳೇದೋ ಕೆಟ್ಟದ್ದೋ?

ನೀವು ಓದಿದ್ದು 2020ರ ಮಿಷಿಗನ್ ವಿಶ್ವವಿದ್ಯಾಲಯದ ಕೆಲಸ ಇರಬೇಕು. ಇಲಿಗಳಲ್ಲಿ ನೋಡಿದ್ದು. ಕರುಳಿನ ಜೀವಕೋಶದಲ್ಲಿ ಕಬ್ಬಿಣ ಹೀರುವ ಯಂತ್ರವನ್ನು ಶುರು ಮಾಡುವ ಒಂದು ಗುಂಡಿ ಇದೆ, ಎಚ್‌ಐಎಫ್-2 ಆಲ್ಫಾ ಅಂತ. ಕೆಲವು ಲ್ಯಾಕ್ಟೋಬ್ಯಾಸಿಲಸ್‌ಗಳು ಮಾಡುವ ರೂಟೆರಿನ್‌ನಂಥ ವಸ್ತು ಆ ಗುಂಡಿಯನ್ನು ಕೆಳಗಿಳಿಸಿತು. ಇಲಿಯ ಮೈ ಕಬ್ಬಿಣ ಕಡಿಮೆ ಹೀರಿತು. ಕಬ್ಬಿಣ ಅತಿಯಾಗಿ ತುಂಬಿಕೊಂಡ ಇಲಿಗಳಿಗೆ ಇದರಿಂದ ಉಪಕಾರವೇ ಆಯಿತು.

ಹಾಗಾದರೆ ವೆಲ್ಲೂರಿನ ಯುವತಿಯರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕಡಿಮೆ ಇದ್ದದ್ದು ಏಕೆ? 299ವಿ ಹೀರುವಿಕೆ ಹೆಚ್ಚಿಸಿದ್ದು ಹೇಗೆ? ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅನಿಸುವುದು, ಒಂದು ಬಳಗದ ಹೆಸರಿನಡಿ ನೂರಾರು ತಳಿಗಳಿವೆ, ಒಂದೊಂದರ ಕಸುಬು ಬೇರೆ. ಕಬ್ಬಿಣ ತುಂಬಿದ ಮೈಯಲ್ಲಿ ಬಾಗಿಲು ಮುಚ್ಚುವುದೂ ಸಹಾಯವೇ, ಬರಿದಾದ ಮೈಯಲ್ಲಿ ತೆರೆಯುವುದೂ ಸಹಾಯವೇ. ಇದೇ ಕಾರಣಕ್ಕೆ ತಲಸ್ಸೀಮಿಯಾ ಅನ್ನುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇರುವವರು ರಕ್ತ ಕಡಿಮೆ ಅಂತ ಕಂಡ ಕೂಡಲೇ ಐರನ್ ಮಾತ್ರೆ ತಗೊಳ್ಳಬಾರದು. ಅವರ ಮೈಯಲ್ಲಿ ಕಬ್ಬಿಣ ಮೊದಲೇ ಜಾಸ್ತಿ ಇರಬಹುದು. ತಿಂಗಳುಗಟ್ಟಲೆ ಸರಿಯಾಗಿ ಮಾತ್ರೆ ತಗೊಂಡರೂ ಹಿಮೋಗ್ಲೋಬಿನ್ ಏರದಿದ್ದರೆ ಇನ್ನೊಂದು ಪಟ್ಟಿ ಕೊಳ್ಳುವ ಮೊದಲು ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ಕರುಳಿನಲ್ಲಿ ರಕ್ತ ಹೀರುವ ಕೊಕ್ಕೆಹುಳು ಇದೆಯಾ ಅಂತಲೂ ಕೇಳಿ.